ಕುರ್ಚಿಯ ಮೇಲಿಟ್ಟ ಮುಚ್ಚಳ

"ಯೂನ್‌ಷು, ನೋಡು ನೋಡು, ಆ ತಾತ ತಮ್ಮ ಪಂಜರದ ಹಕ್ಕಿಗೇ ಬೈತಿದಾರೆ!"

ಅದು ಬೋವೆನ್ ಆ ಮಧ್ಯಾಹ್ನ ಹೇಳಿದ ಹದಿನೇಳನೆಯ "ನೋಡು". "ಶನಿವಾರ ಸಿಗು, ಒಂದು ಮಾತು ಹೇಳಬೇಕು" ಎಂದು ಕರೆದವನು, ಎರಡು ಗಂಟೆಯಿಂದ ಚೆಂಗ್ಡುವಿನ ಗಲ್ಲಿಗಲ್ಲಿ ಸುತ್ತಿಸುತ್ತಿದ್ದ. ಆ ಮಾತು ಮಾತ್ರ ಬಾಯಿಂದ ಹೊರಬಿದ್ದಿರಲಿಲ್ಲ. ನನಗೋ ಶಾಂಘೈಗೆ ವರ್ಗ ಕೊಡುತ್ತೇವೆಂದಿದ್ದರು. ಒಪ್ಪಿಗೆಯೋ ಇಲ್ಲವೋ, ಐದು ಗಂಟೆಯೊಳಗೆ ಮ್ಯಾನೇಜರ್‌ಗೆ ಮೆಸೇಜ್ ಹೋಗಬೇಕಿತ್ತು. ಅದೆಲ್ಲ ಗೊತ್ತಿದ್ದ ಇವನು ಒಂದೇ ಒಂದು ಸಲ "ಹೋಗಬೇಡ" ಅಂದಿದ್ದರೆ ಸಾಕಿತ್ತು.

ಮಾರ್ಕೆಟ್ಟಿನಲ್ಲಿ ಮತ್ತೆ ನಿಂತ. ಯಾರೋ ಗಂಡಹೆಂಡತಿ ಮೀನು ಆರಿಸುವಾಗ ಜಗಳವಾಡುತ್ತಿದ್ದರು. ಪಕ್ಕದಲ್ಲಿ ಒಣಮೆಣಸಿನಕಾಯಿ ಮಾರುತ್ತಿದ್ದ ಅಜ್ಜಿ ನನ್ನ ಮುಖ ನೋಡಿ ನಕ್ಕಳು.

"ಏನಮ್ಮಾ, ಗಂಡನ ಮೇಲೆ ಕೋಪಾನಾ?"

"ಗಂಡ ಅಲ್ಲ ಅಜ್ಜಿ."

"ಗಂಡ ಅಲ್ಲದೋನ ಮೇಲೆ ಇಷ್ಟೊಂದು ಕೋಪಾನಾ? ಬೇಗ ಕಟ್ಕೊಂಡ್ಬಿಡು!"

ಬೋವೆನ್‌ನ ಕಿವಿ ಕೆಂಪಾಯಿತು. ಮೀನಿನ ಕಡೆ ತಿರುಗಿಕೊಂಡ.

ಕೊನೆಗೆ ಒಂದು ಟೀ ಅಂಗಡಿಯ ಅಂಗಳದಲ್ಲಿ ಎರಡು ಬಿದಿರಿನ ಕುರ್ಚಿ ಸಿಕ್ಕವು. ಮುಚ್ಚಳದ ಬಟ್ಟಲಲ್ಲಿ ಮಲ್ಲಿಗೆ ಟೀ ಬಂತು. ಅವನು ಗಂಟಲು ಸರಿಮಾಡಿಕೊಂಡ. ನಾನು ಮುಂದಕ್ಕೆ ಬಾಗಿದೆ.

"ಯೂನ್‌ಷು... ನೋಡು, ಕಿವಿ ಗುಗ್ಗೆ ತೆಗೆಸ್ಕೋತಾ ಆ ದಪ್ಪ ಮನುಷ್ಯ ಹೇಗೆ ನಿದ್ದೆ ಹೊಡೀತಿದಾನೆ!"

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಊರೋರನ್ನೆಲ್ಲ ನೋಡ್ಕೊಂಡೇ ಕೂತಿರು! ನಾನು ಶಾಂಘೈಗೆ ಹೋಗ್ತೀನಿ. ಇನ್ನು ಈ ಕಡೆ ತಲೆ ಹಾಕಲ್ಲ!" ಎಂದು ಎದ್ದು ದಡದಡ ಹೊರಟೆ.

ಬಸ್ ಸ್ಟಾಪಿನಲ್ಲಿ "ಒಪ್ಪಿಗೆ" ಎಂದು ಟೈಪ್ ಮಾಡಿದೆ. ಕಳಿಸಲು ಬೆರಳು ಏಳಲಿಲ್ಲ. ಬೈದದ್ದು ಸಾಲದು ಅನ್ನಿಸಿತು. ಇನ್ನೂ ನಾಲ್ಕು ಮಾತು ಸರಿಯಾಗಿ ಬೈದೇ ಹೋಗೋಣವೆಂದು ತಿರುಗಿ ನಡೆದೆ.

ಬೋವೆನ್ ನನ್ನ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಬಿಸಿನೀರಿನ ಕೆಟಲ್ ಹಿಡಿದ ಅಂಗಡಿಯವನು ಸಿಡುಕಿದ: "ಬಂದ್ಯಾ ತಂಗಿ? ಈ ಕುರ್ಚಿಗೋಸ್ಕರ ಮೂರು ಸಂಸಾರದ ಜೊತೆ ಕಿತ್ತಾಡಿದಾನೆ!"

ಕ್ಯೂನಲ್ಲಿ ಎಲ್ಲರನ್ನೂ ಮುಂದೆ ಬಿಡುವ ಬೋವೆನ್ ಕಿತ್ತಾಡಿದನೇ?

"ಬರಲ್ಲ ಅಂತ ಹೇಳಿದ್ನಲ್ಲ. ಯಾಕೆ ಹಿಡ್ಕೊಂಡೆ?"

ಅವನು ಕುರ್ಚಿಯತ್ತ ಕಣ್ಣಲ್ಲೇ ಸನ್ನೆ ಮಾಡಿದ. ಅದರ ಮೇಲೆ ನನ್ನ ಬಟ್ಟಲಿನ ಮುಚ್ಚಳವಿತ್ತು. ನಮ್ಮೂರಿನಲ್ಲಿ ಹಾಗಿಟ್ಟು ಎದ್ದರೆ, ಈಗ ಬಂದೆ, ನನ್ನ ಜಾಗ ಯಾರಿಗೂ ಕೊಡಬೇಡಿ ಎಂದರ್ಥ.

"ನಾನಿಟ್ಟಿಲ್ಲ!"

"ನೀನೇ ಇಟ್ಟೆ. ಬಾಯಿ ಹೋಗ್ತೀನಿ ಅಂತಿತ್ತು, ಕೈ ಮುಚ್ಚಳ ಇಡ್ತಿತ್ತು. ನಾನು ನೋಡಿದೆ."

ಚಿಕ್ಕಂದಿನ ಅಭ್ಯಾಸ, ಹಾಳಾದ್ದು! ನಾಚಿಕೆಯಿಂದ ಮುಖ ಬಿಸಿಯಾಯಿತು.

"ಎಲ್ಲಾ ನೋಡ್ತೀಯ. ನನ್ನ ಮುಖ ಮಾತ್ರ ನೋಡಲ್ಲ."

"ನೋಡಿದ್ರೆ ಮಾತು ಮರೆತುಹೋಗುತ್ತೆ ಕಣೇ. ಅದಕ್ಕೇ ಬೇರೆಯವರನ್ನ ನೋಡ್ತಿದ್ದೆ." ಈ ಸಲ ನನ್ನನ್ನೇ ನೋಡಿದ. "ಹೋಗಬೇಡ, ಯೂನ್‌ಷು. ನೀನಿಲ್ದೆ ನಂಗೆ ಆಗಲ್ಲ."

ಮುಚ್ಚಳ ಎತ್ತಿಕೊಂಡು ಕುಳಿತೆ. "ಒಪ್ಪಿಗೆ" ಅಳಿಸಿ "ಹೋಗುವುದಿಲ್ಲ" ಎಂದು ಕಳಿಸಿದೆ. ಐದಕ್ಕೆ ಇನ್ನೂ ಆರು ನಿಮಿಷವಿತ್ತು.

"ಇಷ್ಟು ಹೇಳೋಕೆ ಊರೆಲ್ಲ ಸುತ್ತಿಸಬೇಕಿತ್ತಾ? ಕಾಲು ಬಿದ್ದುಹೋಗ್ತಿದೆ ನಂಗೆ!"

"ಯೂನ್‌ಷು, ನೋಡು..."

"ಇನ್ನೊಂದು ಸಲ ನೋಡು ಅಂದ್ರೆ ಈ ಮುಚ್ಚಳ ನಿನ್ನ ತಲೆ ಮೇಲಿರುತ್ತೆ!"

ಅವನು ಬಾಯಿ ಮುಚ್ಚಿಕೊಂಡು, ಟೀ ಆರುವವರೆಗೂ ನನ್ನೊಬ್ಬಳನ್ನೇ ನೋಡುತ್ತ ಕುಳಿತ.