ಕೋಶಪೊರೆಗೊಂದು ಹೆಸರು

"ನಿಮ್ಮ ಎಂಪಾಕೊ ಏನು?"

ಹೊಸದಾಗಿ ಬಂದ ಜೀವಶಾಸ್ತ್ರದ ಮೇಷ್ಟ್ರು ಕಯೊಂಡೊನನ್ನು ಅದೇ ವಿಷಯದ ಇನ್ನೊಬ್ಬ ಶಿಕ್ಷಕಿ ಕೊಬುಸಿಂಗೆ ಕೇಳಿದ ಮೊದಲ ಮಾತು ಅದು.

ಅವನು ಹೆಗಲ ಚೀಲವನ್ನೂ ಇಳಿಸದೆ, "ನಾನು ತಂದಿಲ್ಲ. ಆಫೀಸ್‌ನಲ್ಲಿ ಕೇಳಿ," ಅಂದ.

ಸ್ಟಾಫ್ ರೂಮ್ ಬಿದ್ದು ಬಿದ್ದು ನಕ್ಕಿತು. ಕೊಬುಸಿಂಗೆಯೂ ನಕ್ಕುಬಿಟ್ಟಳು.

ಫೋರ್ಟ್ ಪೋರ್ಟಲ್ ಕಡೆಯ ಟೂರೊ ಜನಕ್ಕೆ ಹುಟ್ಟುಹೆಸರಿನ ಜೊತೆ ಅಕ್ಕರೆಯ ಹೆಸರು ಒಂದಿರುತ್ತದೆ. ಅದೇ ಎಂಪಾಕೊ. ಅದನ್ನು ಕೇಳಿ, ಅದರಿಂದಲೇ ಕರೆದು ಮಾತು ಶುರುಮಾಡುವುದು ಇಲ್ಲಿಯ ಮರ್ಯಾದೆ. ದೂರದ ಮಸಾಕಾದಿಂದ ಬಂದವನಿಗೆ ಅದೆಲ್ಲಿ ಗೊತ್ತು? ಯಾವುದೋ ಕಾಗದಪತ್ರ ಅಂದುಕೊಂಡಿದ್ದ.

ಆಮೇಲೆ ಗೊತ್ತಾಯಿತು. ಆದರೂ ಇಡೀ ಶಾಲೆ ಅವಳನ್ನು ಅವಳ ಎಂಪಾಕೊ ಹಿಡಿದು 'ಅಬ್ವೋಲಿ' ಎಂದು ಕರೆದರೆ, ಅವನೊಬ್ಬ ಮಾತ್ರ "ಕೊಬುಸಿಂಗೆ ಮೇಡಂ" ಎನ್ನುತ್ತಿದ್ದ, ಕಲ್ಲು ಎಸೆದ ಹಾಗೆ.

ಎಷ್ಟು ಕೊಬ್ಬು ಇವನಿಗೆ... ಎಂದು ಅವಳು ಹಲ್ಲು ಕಚ್ಚುತ್ತಿದ್ದಳು.

ಮಿಡ್ ಟರ್ಮ್ ಮುಗಿದ ವಾರ ಅವನು ತಾನು ತಿದ್ದಿದ್ದ ಉತ್ತರಪತ್ರಿಕೆಗಳನ್ನು ಅವಳ ಮೇಜಿನ ಮೇಲೆ ಧಪ್ಪೆಂದು ಹಾಕಿದ.

"ಏನಿದು ಮೇಡಂ?"

ಜೀವಕೋಶದ ಚಿತ್ರದ ಭಾಗಗಳನ್ನು ಹೆಸರಿಸಬೇಕಿತ್ತು. ಅವಳ ತರಗತಿಯ ಮೂವತ್ತೆಂಟು ಮಕ್ಕಳೂ ನ್ಯೂಕ್ಲಿಯಸ್ ಎದುರು 'ಒಕಾಲಿ', ಮೈಟೊಕಾಂಡ್ರಿಯಾ ಎದುರು 'ಅಡ್ಯೇರಿ' ಎಂದು ಬರೆದಿದ್ದರು. ಎಲ್ಲವೂ ಊರಿನ ಎಂಪಾಕೊಗಳು! ಮೂವತ್ತೆಂಟಕ್ಕೂ ಕೆಂಪು ಸೊನ್ನೆ.

"ನೆನಪಿರಲಿ ಅಂತ ನಾನೇ ಕೊಟ್ಟ ಹೆಸರುಗಳು. ಪರೀಕ್ಷೇಲೂ ಅದನ್ನೇ ಬರೀತಾರೆ ಅಂತ..."

"ಪಾಠ ಬಿಟ್ಟು ನಾಮಕರಣ ಮಾಡಿದ್ರಾ?"

"ಯಾವುದರ ಕೆಲಸ ಏನು ಅಂತ ನನ್ನ ಮಕ್ಕಳನ್ನ ಕೇಳಿ ನೋಡಿ. ನಿಮ್ಮ ಮಕ್ಕಳು ಉರು ಹೊಡೆದಿದಾರೆ ಅಷ್ಟೆ."

"ನನಗೆ ಪಾಠ ಹೇಳಬೇಡಿ."

"ಕಲಿಯೋರಿಗೆ ಹೇಳಬಹುದು. ನಿಮಗೆ ಹೇಳಿ ಏನು ಪ್ರಯೋಜನ?"

ಜಗಳ ಹೆಡ್‌ಮಿಸ್ ಕಿವಿಗೆ ಬಿತ್ತು. ಆಕೆ ಕೊಬುಸಿಂಗೆಯನ್ನು ಕರೆಸಿದರು.

"ಅಬ್ವೋಲಿ, ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಶುಕ್ರವಾರ ಕಯೊಂಡೊ ಮೇಷ್ಟ್ರು ನಿನ್ನ ಮಕ್ಕಳನ್ನ ಬಾಯಲ್ಲೇ ಪ್ರಶ್ನೆ ಕೇಳ್ತಾರೆ. ಅವರು ಒಪ್ಪದಿದ್ರೆ ನಿನ್ನ ಉಳಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ ಮಗಳೇ."

ಹೋಗಿ ಹೋಗಿ ಅವನ ಕೈಗೇ ನನ್ನ ಜುಟ್ಟು!

ಸಿಟ್ಟಿನಲ್ಲೇ ಪತ್ರಿಕೆಗಳನ್ನು ತಿರುವಿದಳು. ಪ್ರತಿ ಸೊನ್ನೆಯ ಕೆಳಗೂ ಸರಿಯಾದ ಹೆಸರುಗಳನ್ನು ದುಂಡಗೆ ಬರೆದಿದ್ದ. ಮೂವತ್ತೆಂಟು ಸಲ. ಅವಳ ಎದೆ ಒಂದು ಕ್ಷಣ ಮೆತ್ತಗಾಯಿತು, ಅದಕ್ಕೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಶುಕ್ರವಾರ ಅವನು ಬೋರ್ಡಿನ ಮೇಲೆ ಕೋಶ ಬರೆದು ಕುನಿಹೀರಾ ಎಂಬ ಹುಡುಗಿಯನ್ನು ಎಬ್ಬಿಸಿದ.

"ಒಕಾಲಿ ಅಂದ್ರೆ ಯಾರು?"

"ನ್ಯೂಕ್ಲಿಯಸ್ ಸರ್. ಆ ಎಂಪಾಕೊ ನಮ್ಮ ರಾಜನೊಬ್ಬನಿಗೇ. ಅರಮನೆ ಬಿಟ್ಟು ಬರಲ್ಲ, ಒಳಗಿಂದಲೇ ಅಪ್ಪಣೆ ಕಳಿಸ್ತಾನೆ."

"ಯಾರಿಗೆ?"

"ರೈಬೋಸೋಮ್‌ಗಳಿಗೆ. ಅವು ಪ್ರೋಟೀನ್ ಮಾಡ್ತವೆ. ಗಾಲ್ಗಿ ಅದನ್ನ ಗಂಟು ಕಟ್ಟಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಳಿಸುತ್ತೆ."

"ಅಡ್ಯೇರಿ?"

"ಮೈಟೊಕಾಂಡ್ರಿಯಾ ಸರ್, ಒಲೆ ಮುಂದೆ ಕೂತವಳು. ಆಹಾರದಿಂದ ಶಕ್ತಿ ತೆಗೀತಾಳೆ. ಅವಳು ಮುನಿಸ್ಕೊಂಡ್ರೆ ಮನೆಯೆಲ್ಲ ಉಪವಾಸ. ಲೈಸೋಸೋಮ್ ಕಸ ಜೀರ್ಣ ಮಾಡುತ್ತೆ."

ಸೀಮೆಸುಣ್ಣ ಹಿಡಿದ ಕೈ ಹಾಗೇ ನಿಂತಿತು. ಅವನ ತರಗತಿಯಲ್ಲಿ ಒಬ್ಬರೂ ಹೀಗೆ ಹೇಳಿರಲಿಲ್ಲ.

"ಕೋಶಪೊರೆಗೆ ಹೆಸರಿಲ್ವಾ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಬೇಡ ಕಣೇ, ಅದೊಂದು ಹೇಳಬೇಡ... ಕೊಬುಸಿಂಗೆ ಕಣ್ಣಲ್ಲೇ ಬೇಡಿದಳು.

"ಮೇಡಂ ಕೊಟ್ಟಿಲ್ಲ ಸರ್. ನಾವೇ ಇಟ್ಕೊಂಡಿದೀವಿ. ಕಯೊಂಡೊ ಅಂತ."

"ಯಾಕೆ?"

"ಯಾರನ್ನೂ ಒಳಗೆ ಬಿಡಲ್ಲ, ಅದಕ್ಕೆ."

"ತಪ್ಪು," ಅವನು ಮೆಲ್ಲಗೆ ಹೇಳಿದ. "ಬೇಕಾದ್ದನ್ನ ಬಿಡುತ್ತೆ."

ಹೆಡ್‌ಮಿಸ್‌ಗೆ ಕೊಟ್ಟ ಚೀಟಿಯಲ್ಲಿ ಅವನು ಬರೆದದ್ದು ಒಂದೇ ಸಾಲು: 'ಈ ಮೇಡಂ ಹೋದರೆ ಶಾಲೆಗೇ ನಷ್ಟ.'

ಮಧ್ಯಾಹ್ನ ಜಗಲಿಯಲ್ಲಿ ಅವಳ ಎದುರು ಬಂದು ನಿಂತ.

"ಸೊನ್ನೆಗಳಿಗೆ ಕ್ಷಮೆ ಕೇಳೋಕೆ ಬಂದ್ರಾ?" ಅವಳ ದನಿ ಇನ್ನೂ ಇಳಿದಿರಲಿಲ್ಲ.

"ಸೊನ್ನೆ ಸರಿಯಾಗೇ ಇತ್ತು. ಬೋರ್ಡ್ ಪರೀಕ್ಷೇಲಿ ಒಕಾಲಿಗೆ ಅಂಕ ಕೊಡಲ್ಲ."

"ಮತ್ಯಾಕೆ ಬಂದ್ರಿ?"

"ಆವತ್ತು ಎಂಪಾಕೊ ಕೇಳಿದ್ದು ಎಲ್ಲರ ಮುಂದೆ ಹಂಗಿಸೋಕೇ ಅಂದ್ಕೊಂಡೆ."

"ನಿಮ್ಮನ್ನ ನಮ್ಮವರು ಮಾಡ್ಕೊಳ್ಳೋಕೆ ಕೇಳಿದ್ದು." ಈಗ ಅವಳ ದನಿ ಇಳಿಯಿತು. "ಆದ್ರೆ ನಾನು ನಗಬಾರದಿತ್ತು."

ಅವನು ತಲೆ ತಗ್ಗಿಸಿದ. "ನಿಮ್ಮ ಜೊತೆ ಜಗಳ ಆಡದ ದಿನ ನನಗೆ ದಿನ ಅನ್ಸಲ್ಲ. ಅದು ಸಿಟ್ಟಲ್ಲ ಅಂತ ಈಗ ಗೊತ್ತಾಯ್ತು. ಇನ್ನೊಂದ್ಸಲ ಕೇಳಿ."

"...ನಿಮ್ಮ ಎಂಪಾಕೊ ಏನು?"

"ತಂದಿಲ್ಲ. ನೀವೇ ಕೊಡಿ."

"ಕೊಟ್ರೆ ಮತ್ತೆ ಹೊರಗಿನವರಾಗೋಕೆ ಆಗಲ್ಲ."

"ಆಗೋ ಆಸೆ ಇಲ್ಲ."

ಅವಳ ಕಣ್ಣು ತುಂಬಿತು.

"ಅರಾಲಿ," ಎಂದಳು.

ಅವನು ಆ ಹೆಸರನ್ನು ತನ್ನಲ್ಲೇ ಒಮ್ಮೆ ಹೇಳಿಕೊಂಡ. ಆಮೇಲೆ, ಇಷ್ಟು ದಿನ ಬಾಯಿಗೆ ಬಾರದ ಹೆಸರನ್ನು ಹೇಳಿದ.

"ಅಬ್ವೋಲಿ."