ಇಳಿಬಿಟ್ಟ ಚಕ್ರದ ಅಳತೆ

"ನಿಲ್ಸಿ! ಕಾರ್ ನಿಲ್ಸಿ ಅಂದೆ!"

ಗ್ಯಾರೇಜಿನ ಗೋಡೆಗೆ ಎರಡೇ ಗೇಣು ಇದ್ದಾಗ ಆ ಹಳೆಯ ಕಾರು ನಿಂತಿತು. ನಿಂತ ಮೇಲೂ ದೋಣಿಯಂತೆ ತೂಗಾಡುತ್ತಲೇ ಇತ್ತು.

"ಬ್ರೇಕ್ ಚೆನ್ನಾಗಿದೆ ಮೇಡಂ... ಈ ಕುಣಿತಾನೇ ನಿಲ್ತಿಲ್ಲ!"

ನಗುತ್ತ ಇಳಿದವನು ಊರಿಗೆ ಹೊಸದಾಗಿ ಬಂದಿದ್ದ ದನದ ಡಾಕ್ಟರು. ಕಾರು ಅವನ ತಾತನದು. ಬೆಟ್ಟದ ಮೇಲಿನ ಹಟ್ಟಿಗಳಿಗೆಲ್ಲ ಅದರಲ್ಲೇ ಓಡಾಟ.

ಕೂಗಿ ನಿಲ್ಲಿಸಿದವಳ ಎದೆ ಇನ್ನೂ ಡವಡವ ಎನ್ನುತ್ತಿತ್ತು. ಭಯಕ್ಕೋ, ಆ ನಗುವಿಗೋ... ಅವಳಿಗೇ ತಿಳಿಯಲಿಲ್ಲ.

ಅಪ್ಪ ಹೋದ ಮೇಲೆ ಗ್ಯಾರೇಜು ನಡೆಸುತ್ತಿದ್ದವಳು ಅವಳೇ. ಜೊತೆಗೆ ಚಿಕ್ಕಪ್ಪ. ಕಾರಿನ ಕೆಳಗೆ ತೂರಿ ನೋಡಿ ಬಂದು ಹೇಳಿದಳು.

"ಕುಣಿತ ತಡೆಯೋ ಶಾಕ್ ಹಳೇ ಕಾಲದ ತೋಳಿನದು, ಎಣ್ಣೆಯೆಲ್ಲ ಸೋರಿಹೋಗಿದೆ. ಇದನ್ನ ತೆಗೆದು ಈಗಿನ ಕೊಳವೆ ಶಾಕ್ ಅಬ್ಸಾರ್ಬರ್ ಹಾಕ್ತೀನಿ. ಅದನ್ನ ಹಿಡಿದಿಡೋಕೆ ಹೊಸ ಬ್ರಾಕೆಟ್ ವೆಲ್ಡ್ ಮಾಡ್ಬೇಕು. ಟೈಮ್ ಹಿಡಿಯುತ್ತೆ."

"ಎಷ್ಟಾದ್ರೂ ಹಿಡೀಲಿ!"

ಅಂದಿನಿಂದ ದಿನಾ ಸಂಜೆ ಡಾಕ್ಟರು ಹಾಜರು. ಸ್ಟೂಲ್ ಎಳೆದುಕೊಂಡು ಸುಮ್ಮನೆ ನೋಡುತ್ತ ಕೂರುವನು.

'ಹೆಂಗಸು ಮಾಡೋ ವೆಲ್ಡಿಂಗು ಅಂತ ಕಾವಲು ಕಾಯ್ತಿದ್ದಾನೆ!' ಅವಳಿಗೆ ಮೈ ಉರಿಯಿತು. ಒಂದು ದಿನ ಅಂದೇಬಿಟ್ಟಳು. "ನಂಬಿಕೆ ಇಲ್ದಿದ್ರೆ ಬೇರೆ ಕಡೆ ಹೋಗಿ!"

ಅವನ ಮುಖ ಸಪ್ಪಗಾಯಿತು. ಎದ್ದು ಸ್ಟೂಲನ್ನು ಗೋಡೆಗೆ ಸರಿಸಿ ಹೋದ. ಅವಳು ಅದೇ ಸಿಟ್ಟಿನಲ್ಲಿ ಉಳಿದ ಕೆಲಸವನ್ನು ಎರಡೇ ದಿನದಲ್ಲಿ ಮುಗಿಸಿದಳು.

ಮರುದಿನ ಬೆಳಿಗ್ಗೆ ಅವನು ಕಾರು ತೆಗೆದುಕೊಂಡು ನೇರ ಬೆಟ್ಟದ ದಾರಿ ಹಿಡಿದ. ಹಿಂತಿರುಗಿಯೂ ನೋಡಲಿಲ್ಲ.

ಚಹಾ ಹೀರುತ್ತ ಚಿಕ್ಕಪ್ಪ ಕೇಳಿದರು. "ಕಾರನ್ನ ಜಾಕ್ ಮೇಲೆತ್ತಿ, ಚಕ್ರ ಇಳಿಬಿಟ್ಟು ಶಾಕಿನ ಉದ್ದ ಅಳೆದಾಗ ಎಷ್ಟು ಬಂತೇ?"

ಅವಳ ಕೈಯಿಂದ ಸ್ಪ್ಯಾನರ್ ಜಾರಿತು.

ಅಳೆದದ್ದು ಕಾರು ನೆಲದ ಮೇಲೆ ನಿಂತಿದ್ದಾಗ ಮಾತ್ರ! ಚಕ್ರ ದೊಡ್ಡ ಗುಂಡಿಗೆ ಇಳಿದರೆ ಶಾಕ್ ಅಷ್ಟು ಉದ್ದಕ್ಕೆ ಚಾಚದೆ ಹೋದೀತು... ಬ್ರಾಕೆಟ್ ಕಿತ್ತು ಚಕ್ರಕ್ಕೆ ಸಿಕ್ಕಿಕೊಂಡರೆ? ಅದೂ ಆ ಪ್ರಪಾತದ ಪಕ್ಕ!

ಫೋನ್ ಮಾಡಿದಳು. ಲೈನ್ ಸಿಗಲಿಲ್ಲ. ಮತ್ತೆ ಮಾಡಿದಳು... ಇಲ್ಲ!

"ಚಿಕ್ಕಪ್ಪಾ, ನಾನು ಅವರನ್ನ ಕೊಂದುಬಿಟ್ಟೆ!"

ಸ್ಕೂಟರ್ ಬೆಟ್ಟ ಏರುತ್ತಿದ್ದರೆ ಅವಳ ಕಣ್ಣು ರಸ್ತೆಯಂಚಿನಲ್ಲೇ ನೆಟ್ಟಿತ್ತು. ಮುರಿದ ತಡೆಗಲ್ಲೊಂದು ಕಂಡಾಗ ಜೀವ ಬಾಯಿಗೆ ಬಂತು. ಅದು ಹಳೆಯದು. ಮುಂದಿನ ತಿರುವಿನಲ್ಲಿ ಟೈರು ಉಜ್ಜಿದ ಕಪ್ಪು ಗೆರೆ... ಅದು ಹೊಸದು!

ಗೆರೆಯ ತುದಿಯಲ್ಲಿ ಕಾರು ಅಂಚಿಗೆ ಓರೆಯಾಗಿ ನಿಂತಿತ್ತು. ಬಾಗಿಲು ತೆರೆದಿತ್ತು. ಒಳಗೆ ಯಾರೂ ಇಲ್ಲ.

"ಡಾಕ್ಟ್ರೇ!"

ಕೆಳಗೆ ಇಣುಕಲು ಧೈರ್ಯ ಸಾಲಲಿಲ್ಲ. ಅಲ್ಲೇ ಕೂತುಬಿಟ್ಟಳು.

"ಮೇಡಂ? ನೀವ್ಯಾಕಿಲ್ಲಿ? ಗುಂಡಿಗೆ ಇಳಿದದ್ದೇ ಏನೋ ಕಿತ್ಕೊಂಡು ಚಕ್ರಕ್ಕೆ ಸಿಕ್ಕಿಬಿಡ್ತು!"

ಬೆಟ್ಟದ ಕಡೆಯ ಪೊದೆಯಿಂದ ಅವನು ಬಂದ, ಚಕ್ರಕ್ಕೆ ಒಡ್ಡಲು ಕಲ್ಲೊಂದನ್ನು ಎದೆಗವಚಿಕೊಂಡು.

ಅವಳು ಗಳಗಳನೆ ಅತ್ತುಬಿಟ್ಟಳು. "ತಪ್ಪು ನಂದು... ಅಳತೆ ಪೂರ್ತಿ ತಗೊಳ್ಳಿಲ್ಲ. ನಿಮ್ಮನ್ನ ಬೇಗ ಸಾಗಹಾಕ್ಬೇಕು ಅಂತ ಆತುರಪಟ್ಟೆ. ನಿಮಗೆ ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲ ಅಂದ್ಕೊಂಡಿದ್ದೆ!"

"ನಂಬಿಕೆ ಇಲ್ದೆ ಈ ರಸ್ತೆಗೆ ಬರ್ತಿದ್ನಾ?"

"ಮತ್ತೆ ದಿನಾ ಯಾಕೆ ಬಂದು ಕೂರ್ತಿದ್ರಿ?"

ಕಲ್ಲನ್ನು ಚಕ್ರದ ಹಿಂದೆ ಇಟ್ಟು ಅವನು ಅವಳೆದುರು ಕೂತ. "ಕಾರ್ ರೆಡಿಯಾಗಿಬಿಟ್ರೆ ನಿಮ್ಮನ್ನ ನೋಡೋಕೆ ನೆಪವೇ ಇರಲ್ವಲ್ಲ... ಆ ಭಯ."

ಅವಳು ಕೆನ್ನೆ ಒರೆಸಿಕೊಂಡಳು. ಕೈಯ ಕಪ್ಪು ಎಣ್ಣೆ ಮುಖಕ್ಕೆಲ್ಲ ಮೆತ್ತಿತು.

ಕಿತ್ತುಬಂದ ಶಾಕನ್ನು ಬಿಚ್ಚಿ ಡಿಕ್ಕಿಗೆ ಹಾಕಿ, ಅವಳೇ ಸ್ಟಿಯರಿಂಗ್ ಹಿಡಿದಳು. "ನಿಧಾನಕ್ಕೆ ಇಳಿಸ್ತೀನಿ. ಭಯ ಆಗ್ತಿದೆಯಾ?"

"ತುಂಬಾ. ನಿಮಗೆ?"

"ನಂಗೂ."

ಅವನು ಅಂಗೈ ಚಾಚಿದ. ಅವಳು ಎಡಗೈಯನ್ನು ಮೆಲ್ಲಗೆ ಅದರೊಳಗಿಟ್ಟಳು. "ಗೇರ್ ಬದಲಾಯಿಸೋವರೆಗೆ ಮಾತ್ರ!"

"ಮೊದಲನೇ ಗೇರಲ್ಲೇ ಹೋಗೋಣ... ಊರು ಮುಟ್ಟೋವರೆಗೂ."