ಹಲ್ಲಿರುವ ಚಾಕು

“ಬಾಯಿ, ಚಾಕು ತಂದೀರಿ, ಮಾವಿನಕಾಯಿ ಎಲ್ಲಿ ಅದರೀ?”

ಬಾಲವಾಡಿಯ ಟೀಚರಾದ ನನ್ನನ್ನು ಎಲ್ಲರೂ ಬಾಯಿ ಎನ್ನುತ್ತಾರೆ. ದನದ ಡಾಕ್ಟರು ಅಮರನಾಥ ಹಾಗೆ ಕರೆದರೆ ಮಾತ್ರ ನನಗೆ ನಗು ಬರುತ್ತದೆ. ಕಾಸಾರಶಿರಸಿಯ ದನದ ದವಾಖಾನೆಯಲ್ಲಿ ಅಂದು ಬೇರೆ ಯಾರೂ ಇರಲಿಲ್ಲ. ಅವರು ನನ್ನನ್ನು ನೇರವಾಗಿ ನೋಡುವುದಿಲ್ಲ. ನೋಟ ಒಮ್ಮೆ ಕಿಟಕಿಗೆ, ಒಮ್ಮೆ ನನ್ನ ಕೈಗೆ, ಕೊನೆಗೆ ಮುಖಕ್ಕೆ. ಉಮರ್ಗಾದ ಬಸ್ಸಿನಲ್ಲಿ ಒಂದು ವರ್ಷದಿಂದ ಗಮನಿಸಿದ್ದೇನೆ.

ಹಿಂದಿನ ವಾರ ಅದೇ ಬಸ್ಸಿನಲ್ಲಿ ಮೆಲ್ಲಗೆ ಕೇಳಿದ್ದರು, “ಸುಗಂಧಾ, ನನ್ನ ಕೂಡ ಲಗ್ನ ಆಗ್ತೀರೇನ್ರಿ?”

ನನ್ನ ಗಂಡ ಗುರುಶಾಂತ ಭೂಕಂಪದ ದಿನದಿಂದ ಕಾಣೆ. ಮೂರು ವರ್ಷವಾದರೂ ಸತ್ತರೆಂದು ಯಾರೂ ಹೇಳಿಲ್ಲ. ಅದು ತಿಳಿಯದೆ ಉತ್ತರ ಕೊಡಲಾರೆ ಎಂದಿದ್ದೆ.

“ಚೇಷ್ಟಿ ಸಾಕು. ಇದೇನಂತ ಹೇಳ್ರಿ,” ಎಂದು ಚಾಕುವನ್ನು ಅವರ ಕೈಗಿಟ್ಟೆ.

ಅವರು ಹಿತ್ತಾಳೆಯ ಹಿಡಿಯಿಂದ ಅಲಗುಗಳನ್ನು ಒಂದೊಂದಾಗಿ ಬಿಡಿಸಿದರು. ಮೂರು ಅಲಗು. ಪ್ರತಿಯೊಂದರ ಪಕ್ಕದಲ್ಲೂ ಉಗುರಿನಷ್ಟು ಮೂರುಮೂಲೆಯ ಹಲ್ಲೊಂದು ಹೊರಚಾಚಿತ್ತು.

“ಅರೆ! ನಿಜಾಮರ ಕಾಲದ್ದು. ಇದರಿಂದ ಏನೂ ಹೆಚ್ಚೂದಿಲ್ರಿ. ಈ ಹಲ್ಲು ಎತ್ತಿನ ಕುತ್ತಿಗಿ ನರದ ಮ್ಯಾಲ ಇಟ್ಟು ಕೋಲಿಲೆ ಒಂದು ಏಟು ಹಾಕೂದು. ಕೆಟ್ಟ ರಕ್ತ ಹೋದ್ರ ಕಾಲಿನ ಬಾವು ಇಳೀತದಂತ. ಈ ಭಾಗದಾಗ ಒಬ್ಬರ ಹಂತೇಲೇ ಇತ್ತು, ದನಕ್ಕ ಔಷಧ ಕೊಡ್ತಿದ್ದ ನಿಲಂಗಾದ ಮಾಣಿಕಪ್ಪನ ಹಂತೇಲಿ.”

ನಾನು ಬೆಂಚಿನ ಮೇಲೆ ಕೂತೆ.

ಭೂಕಂಪವಾದಾಗ ನಾನು ಉಮರ್ಗಾದ ತವರಿನಲ್ಲಿದ್ದೆ. ಗುರುಶಾಂತ ಬರೆದ ಕಾಗದ ಎಂಟು ದಿನ ತಡವಾಗಿ ಬಂತು. “ಎತ್ತಿನ ಕಾಲು ಬಾತಾವ. ಮಾಣಿಕಪ್ಪನ ಕಡಿಂದ ಔಷಧದ ಸಾಮಾನು ತಂದೀನಿ, ಅವ್ವಗ ಹೇಳಬ್ಯಾಡ.” ಸಾಮಾನೆಂದರೆ ಬೇರು, ಎಣ್ಣೆ ಎಂದುಕೊಂಡಿದ್ದೆ.

“ಯಾಕ್ರಿ? ಯಾರದಿದು?” ಎಂದರು ಅಮರನಾಥ.

“ಭೂಕಂಪ ಆದ ಮೂರನೇ ದಿನ ನಾ ಊರಿಗೆ ಬಂದಾಗ ಒಂದು ಹೆಣ ತೋರಿಸಿದ್ರು. ಮುಖ ಇರಲಿಲ್ಲ, ಕೊರಳ ಲಿಂಗ ಕಿತ್ತುಹೋಗಿತ್ತು. ಉಡಿದಾರದಾಗ ಇದಿತ್ತು. ಇದು ಕಟುಕರ ಚಾಕು, ಲಿಂಗವಂತರ ಸೊಂಟದಾಗ ಇರೂದಿಲ್ಲ, ನನ್ನ ಮಗ ಅಲ್ಲ ಅಂದ್ರು ನಮ್ಮತ್ತಿ. ನಾನೂ ಅಲ್ಲ ಅಂದೆ. ಎಲ್ಲರ ಕೂಡ ಸೀಮೆಎಣ್ಣಿ ಹಾಕಿ ಸುಟ್ರು. ಗುರುತಿಗಂತ ಪೊಲೀಸರು ಇಟ್ಟಿದ್ದ ಈ ಚಾಕು, ನೀವು ಲಗ್ನದ ಮಾತು ಕೇಳಿದ ಮ್ಯಾಲ ಹೋಗಿ ಇಸಕೊಂಡು ಬಂದೆ.”

ನಮ್ಮಲ್ಲಿ ಸುಡುವುದಿಲ್ಲ. ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿ, ಮಣ್ಣು ಕೊಡುತ್ತಾರೆ. ಅದನ್ನು ಅವರಿಗೆ ಹೇಳಬೇಕಾಗಿರಲಿಲ್ಲ.

ಅಮರನಾಥ ಅಲಗುಗಳನ್ನು ಒಂದೊಂದಾಗಿ ಮಡಚಿದರು. “ನನಗ ಗೊತ್ತಿಲ್ಲ ಅಂದಿದ್ರ ಛಲೋ ಇತ್ತು,” ಎಂದರು. “ಈಗ ನಾ ಏನು ಹೇಳಿದ್ರೂ ನನ್ನ ಸಲುವಾಗೇ ಹೇಳಿದಂಗ ಆಗ್ತದ.”

“ಮಾಣಿಕಪ್ಪನ ಕಡಿಂದ ಸಾಮಾನು ತಂದೀನಂತ ಅವರು ಬರದ ಕಾಗದ ನನ್ನ ಹಂತೇಲಿ ಅದ. ನೀವು ಹೆಸರಷ್ಟೇ ಹೇಳೀರಿ.”

ಅವರು ನನ್ನ ಕೈ ಹಿಡಿಯಲಿಲ್ಲ. ಹಿಡಿದಿದ್ದರೆ ಆ ದಿನ ನಾನು ಅವರನ್ನು ದ್ವೇಷಿಸುತ್ತಿದ್ದೆ. ಮೋಟಾರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನಮ್ಮ ತಗಡಿನ ಶೆಡ್ಡಿಗೆ ಕರೆತಂದರು. ಹೊರಗೇ ನಿಂತರು.

ಅತ್ತೆ ಪ್ರಯಾಗಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಎಲ್ಲ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

“ಗೊತ್ತದ,” ಎಂದರು. “ಅವತ್ತೇ ಪಾದ ನೋಡಿದ್ದೆ. ಹೆತ್ತಾಕಿಗೆ ಗೊತ್ತಾಗೂದಿಲ್ಲೇನ?”

“ಮತ್ತ ಅಲ್ಲ ಅಂತ ಯಾಕಂದ್ರಿ?”

“ಹೂಂ ಅಂದಿದ್ರ ನಿಮ್ಮಪ್ಪ ನಿನ್ನ ಉಮರ್ಗಾಕ್ಕ ಕರಕೊಂಡು ಹೋಗ್ತಿದ್ದ. ನಮ್ಮ ಮಾಲಕರು, ನಿಮ್ಮಾವನೋರು, ಅವರೂ ತೀರಿ ಹೋಗಿದ್ರು. ನನಗ ಯಾರಿದ್ರು?”

ಕಿರುಚಬೇಕೆನಿಸಿತು. ಮೂರು ವರ್ಷ ಪ್ರತಿ ಮಧ್ಯಾಹ್ನ ಬಸ್ಸು ನಿಂತ ಸದ್ದಿಗೆ ನಾನು ಹೊರಗೆ ಓಡಿದ್ದೆ. ಈಕೆ ನೋಡುತ್ತ ಕೂತಿದ್ದರು. ಆದರೆ ಆ ಹೆಣದ ಪಾದವನ್ನು ನಾನು ನೋಡಲೇ ಇಲ್ಲ, ಕಣ್ಣು ಬೇಕೆಂದೇ ತಪ್ಪಿಸಿದ್ದೆ. ಆ ಮೈಗೆ ಮಣ್ಣು ಸಿಗದಂತೆ ಮಾಡಿದವರು ನಾವಿಬ್ಬರು.

“ಹೋಗು ನೀ,” ಎಂದರು ಅತ್ತೆ. “ಹೊರಗ ನಿಂತಾನಲ್ಲ, ಅಂವನ ಕೂಡ ಹೋಗು. ನನ್ನ ಮಾರಿ ನೋಡಬ್ಯಾಡ.”

ನಾನು ಬಾಗಿಲಿಗೆ ಹೋದೆ. ಅಮರನಾಥ ಎಲ್ಲ ಕೇಳಿಸಿಕೊಂಡಿದ್ದರು.

“ಮೊದಲ ನಮ್ಮ ಮನಿಯವರ ಹೆಸರಲೆ ಅಯ್ಯನವರನ್ನ ಕರಸಿ ಕ್ರಿಯಾ ಮಾಡಿಸ್ತೀವಿ,” ಎಂದೆ. “ಆಮ್ಯಾಲ ನೀವು ಇನ್ನೊಮ್ಮಿ ಕೇಳ್ರಿ. ಹೂಂ ಅಂತೀನಿ. ಆದ್ರ ಇವರನ್ನ ಬಿಟ್ಟು ಬರೂದಿಲ್ಲ. ಮಾಫ್ ಮಾಡೀನಂತ ಅಲ್ಲ. ನಾನೂ ಅಲ್ಲ ಅಂದಾಕಿನೇ.”

ಅವರು ಈ ಸಲ ಕಿಟಕಿ ಹುಡುಕಲಿಲ್ಲ, ನನ್ನನ್ನೇ ನೋಡಿದರು. ಆಮೇಲೆ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಪ್ರಯಾಗಬಾಯಿಯನ್ನು ಕೇಳಿದರು, “ಒಳಗ ಬರ್ಲೇನ್ರಿ, ಅವ್ವಾ?”

ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿ, ಚಾಪೆಯ ಮೇಲಿನ ಜೋಳದ ಧೂಳನ್ನು ಸೆರಗಿನಿಂದ ಒರೆಸಿದರು.